ಅಂಬತ್ತೂರಿನ ನಕಲು

ಅಂಬತ್ತೂರು
ವಿಜಯದಶಮಿ, 9 ಅಕ್ಟೋಬರ್ 2008

ಸಂಗೀತಾಳಿಗೆ,

ಶರಣು ಎಂದು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಶಾಯಿಯ ಕಲೆ ಕಾಣುತ್ತಿದೆಯಲ್ಲ, ಅದು ಅದೇ. ನಿನಗೆ ಶರಣು ಹೇಳುವ ಮನಸ್ಸು ನನಗಿಲ್ಲ.

ನಿನ್ನೆ ಆಯುಧಪೂಜೆಯ ಹೊತ್ತಿಗೆ, ಶೆಡ್ಡಿನ ತುಂಬ ನೆಂಟರಿರುವಾಗ, ನನ್ನ ಅಪ್ಪನ ಲೇತ್ ಯಂತ್ರದ ಎದುರು ನಿಂತು ನೀನು ಏನಂದೆ? "ಈ ಪಳೈಯ ಇರುಂಬಿಗೆ ವಿಭೂತಿ ಹಚ್ಚೋಕೆ ಆಸ್ಪತ್ರೆ ಮಷೀನು ಆಫ್ ಮಾಡಬೇಕಾ ಅಕ್ಕಾ?" ಹಳೇ ಕಬ್ಬಿಣ ಎಂದು ಬೈಯುವುದಕ್ಕೂ ನಿನ್ನ ಬಾಯಿಗೆ ಕನ್ನಡ ಬರಲಿಲ್ಲ, ಅದಕ್ಕೂ ತಮಿಳೇ ಬೇಕಾಯಿತು. ಗುಲಬರ್ಗಾದಿಂದ ಒಂದು ಟ್ರಂಕು ಹೊತ್ತುಕೊಂಡು ಬಂದ ಹಾಲಸಿದ್ದಪ್ಪ ಎಂಬ ಮನುಷ್ಯ ಆ ಕಬ್ಬಿಣದ ಮುಂದೆ ನಿಂತೇ ಮುದುಕನಾದ. ಅದು ತಿರುಗಿದ್ದಕ್ಕೆ ನನ್ನ ತಮ್ಮ ಶಿವರಂಜನ್ ಓದಿ ಬ್ಯಾಂಕು ಸೇರಿದ, ನೀನು ಅವನನ್ನು ಕಟ್ಟಿಕೊಂಡೆ. ಆಯುಧಪೂಜೆಯ ಸಂಜೆಯಿಂದ ವಿಜಯದಶಮಿಯ ಬೆಳಗಿನವರೆಗೆ ಆ ಶೆಡ್ಡಿನಲ್ಲಿ ಯಾವ ಯಂತ್ರವೂ ತಿರುಗಬಾರದು ಎಂಬುದು ಅಪ್ಪ ಹಾಕಿಕೊಟ್ಟ ಪದ್ಧತಿ. ಅವನು ಸತ್ತನೆಂದು ಪದ್ಧತಿ ಸಾಯುವುದಿಲ್ಲ.

ಈ ಶೆಡ್ಡಿನಲ್ಲಿ ಈಗ ಏನು ನಡೆಯುತ್ತದೆ ಎಂದು ಚಿಕ್ಕಮ್ಮ ಕೇಳಿದಾಗ ಎಂಥ ಪಾಠ ಮಾಡಿದೆ! ಪೆರುಂಗುಡಿಯ ನಿನ್ನ ಆಫೀಸಿನಲ್ಲಿ ದೊಡ್ಡ ಸರ್ವರುಗಳಿವೆಯಂತೆ, ಒಂದೊಂದರ ಹೊಟ್ಟೆಯೊಳಗೆ ಹತ್ತಾರು ಕಂಪ್ಯೂಟರುಗಳು ವಾಸವಾಗಿದ್ದಾವಂತೆ, ಅವಕ್ಕೆ ವರ್ಚುವಲ್ ಮಷೀನ್ ಅನ್ನುತ್ತಾರಂತೆ. ಒಂದು ದೊಡ್ಡ ಆಸ್ಪತ್ರೆಯ ರೋಗಿಗಳ ಹಳೆಯ ಚರಿತ್ರೆಯೆಲ್ಲ, ಯಾರಿಗೆ ಏನು ಕಾಯಿಲೆ, ಯಾರಿಗೆ ಯಾವ ಔಷಧಿ ಆಗುವುದಿಲ್ಲ ಎಂಬುದೆಲ್ಲ, ಅದರಲ್ಲಿದೆಯಂತೆ. ಅದರ ನಕಲು ಗಳಿಗೆಗಳಿಗೆಗೂ ಅಂಬತ್ತೂರಿನ ಈ ಶೆಡ್ಡಿನ ಮಷೀನುಗಳಿಗೆ ಬರುತ್ತಿರುತ್ತದೆ, ಪೆರುಂಗುಡಿಯಲ್ಲಿ ನೀರೋ ಬೆಂಕಿಯೋ ಬಿದ್ದರೆ ಇಲ್ಲಿಯ ನಕಲು ಎದ್ದು ಕೆಲಸ ಹಿಡಿಯುತ್ತದೆ, ಇದಕ್ಕೆ ಈಗ ಕ್ಲೌಡ್ ಎಂದು ಹೊಸ ಹೆಸರು ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಅಂದ್ರೆ ಅಕ್ಕಾ ನಮ್ಮ ಸ್ಟೆಪ್ನಿ ಥರ" ಎಂದು ನಕ್ಕೆ. ನೆಂಟರೂ ನಕ್ಕರು. ಇಂಜಿನಿಯರಿಂಗ್ ಓದಿ, ಮದುವೆಯನ್ನೂ ಬದಿಗಿಟ್ಟು, ಅಪ್ಪನ ಶೆಡ್ಡು ಹರಾಜಾಗದಂತೆ ಉಳಿಸಿಕೊಂಡವಳು ನಾನು. ನಾನು ನಿನಗೆ ಡಿಕ್ಕಿಯಲ್ಲಿ ಬಿದ್ದಿರುವ ಗಾಲಿ.

ಇವತ್ತಿನಿಂದ ನಿನ್ನ ಜೊತೆ ಮಾತು ಬಿಟ್ಟಿದ್ದೇನೆ. ನಮ್ಮ ಮನೆತನದಲ್ಲಿ ಮಾತು ಬಿಡುವುದು ಮಕ್ಕಳಾಟವಲ್ಲ. ನನ್ನ ಸೋದರತ್ತೆ ತನ್ನ ಅಣ್ಣನೊಡನೆ ಮಾತು ಬಿಟ್ಟವಳು, ಅವನ ಮಣ್ಣಿಗೆ ಬಂದು ಅತ್ತಳೇ ಹೊರತು ಹೆಣದ ಮುಂದೆಯೂ ಒಂದು ಮಾತು ಆಡಲಿಲ್ಲ. ಬರೆಯುವುದು ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದರೆ ನಿನ್ನ ಮೇಲಧಿಕಾರಿ ಮುರಳೀಧರನಿಗೂ ಓದಲು ಬರುವುದಿಲ್ಲ. ಹೇಳಿಕಳಿಸೋಣವೆಂದರೆ ನನ್ನ ತಮ್ಮ ಕೈಮುಗಿದ. "ಅಕ್ಕಾ, ಚೀಟಿ ಕೊಟ್ರ ಒಯ್ತೀನಿ, ಮಾತು ಒಯ್ಯಂಗಿಲ್ಲ. ನಿಮ್ಮಿಬ್ಬರ ನಡುವ ನನ್ನ ಅರೀಬ್ಯಾಡ್ರಿ" ಅಂದ. ಪಾಪದ ಪ್ರಾಣಿ.

ನಿನಗೆ ಅಡುಗೆ ಬರುವುದಿಲ್ಲ ಎಂದು ನಾನು ಎಂದೂ ಆಡಿಕೊಂಡಿರಲಿಲ್ಲ, ಈಗ ಆಡಿಕೊಳ್ಳುತ್ತೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಮಾತನ್ನು ನಿನ್ನ ತವರುಮನೆ ನೋಡಿಯೇ ಕಟ್ಟಿರಬೇಕು.

ಇನ್ನು ಕೆಲಸದ ಮಾತು. ಪೂಜೆಗೆ ನಿಲ್ಲಿಸಿದ್ದ ನನ್ನ ಮಷೀನುಗಳನ್ನು ಈ ಬೆಳಿಗ್ಗೆ ಕಾಯಿ ಒಡೆದು ಚಾಲೂ ಮಾಡಿದ್ದೇನೆ. ಡಿಸ್ಕುಗಳನ್ನು ಪರೀಕ್ಷೆ ಮಾಡಿದ್ದೇನೆ, ಸರಿಯಾಗಿವೆ. ನೀನು ನಿಲ್ಲಿಸಿಟ್ಟಿರುವ ನಕಲನ್ನು ನಿನ್ನ ಕಡೆಯಿಂದ ಮತ್ತೆ ಶುರು ಮಾಡಿಕೋ. ಪ್ರತಿ ವರ್ಷ ಇದನ್ನು ಫೋನಿನಲ್ಲಿ ಹೇಳುತ್ತಿದ್ದೆ. ಈ ವರ್ಷ ಬರೆದಿದ್ದೇನೆ.

ಜಗದೇವಿ


ಅಡ್ಯಾರು
13 ಅಕ್ಟೋಬರ್ 2008

ಜಗದೇವಿ ಅಕ್ಕಾ ಅವರಿಗೆ,

ಶರಣು. ನಾನು ಹೊಡೆದುಹಾಕಿಲ್ಲ, ನೋಡಿ.

ನಿಮ್ಮ ಪತ್ರ ತಲುಪಿತು. ಮೊದಲ ಹಾಳೆ ಓದಿದೆ. ಅಲ್ಲಿಯವರೆಗೆ ಇದ್ದದ್ದರಲ್ಲಿ ಹೊಸದೇನೂ ಇರಲಿಲ್ಲ, ಆದ್ದರಿಂದ ಮುಂದಿನದನ್ನು ಓದಲಿಲ್ಲ. ಮಡಚಿ ಕಪಾಟಿನಲ್ಲಿ ಸೀರೆಗಳ ಕೆಳಗಿಟ್ಟಿದ್ದೇನೆ. ಮಗಳು ದೊಡ್ಡವಳಾಗಿ ಅತ್ತೆಯ ಸಂಸ್ಕಾರ ಏನೆಂದು ಕೇಳಿದರೆ ತೋರಿಸಬಹುದು.

ಲೇತಿನ ಬಗ್ಗೆ ನಾನು ಅಂದದ್ದು ತಪ್ಪೇ ಇರಬಹುದು. ಆದರೆ ನನ್ನ ಸ್ಥಿತಿಯನ್ನೂ ಸ್ವಲ್ಪ ಯೋಚಿಸಿ. ನಿಮ್ಮ ಪೂಜೆಗೆಂದು ವರ್ಷಕ್ಕೊಮ್ಮೆ ನಕಲು ನಿಲ್ಲಿಸುತ್ತೇವೆ ಎಂದು ಮುರಳೀಧರ್ ಸಾರ್ ಹತ್ತಿರ ಹೇಳಲು ಆಗುತ್ತದೆಯೇ? "ವಾರ್ಷಿಕ ದುರಸ್ತಿ" ಎಂದು ಸುಳ್ಳು ಬರೆದು ಒಪ್ಪಿಗೆ ತೆಗೆದುಕೊಳ್ಳುತ್ತಿರುವವಳು ನಾನು. ಆ ಶೆಡ್ಡಿಗೆ ನಮ್ಮ ಕಂಪನಿಯ ಗುತ್ತಿಗೆ ಕೊಡಿಸಿದವಳೂ ನಾನೇ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು, ಅಲ್ಲವೇ?

ಮಾತು ಬಿಟ್ಟಿದ್ದೀರಿ, ಸಂತೋಷ. ಈ ಭಾನುವಾರ ನಿಮ್ಮ ಫೋನಿಲ್ಲದೆ ನಿಶ್ಶಬ್ದವಾಗಿತ್ತು. ಒಂದು ವಿನಂತಿ ಮಾತ್ರ. ಮನೆಯ ಜಗಳ ಮನೆಯಲ್ಲಿರಲಿ. ಕೆಲಸದ ವಿಷಯ ಏನಾದರೂ ಇದ್ದರೆ ನಿಯಮದ ಪ್ರಕಾರ ಆಫೀಸಿಗೆ ಫೋನ್ ಮಾಡಿ ಹೇಳಬೇಕು. ನೀವು ಫೋನ್ ಮಾಡುವ ತನಕ ನಾನಾಗಿ ಕೇಳುವುದಿಲ್ಲ. ನಾನೂ ಒಂದು ಮನೆತನದಿಂದಲೇ ಬಂದವಳು.

ಸಂಗೀತಾ


ಅಂಬತ್ತೂರು
29 ಅಕ್ಟೋಬರ್ 2008

ಸಂಗೀತಾಳಿಗೆ,

ದೀಪಾವಳಿಗೆ ನೀನು ಕಳಿಸಿದ ಮೈಸೂರುಪಾಕನ್ನು ಶಿವರಂಜನನ ಕೈಯಲ್ಲೇ ವಾಪಸು ಕಳಿಸಿದ್ದೇನೆ. ಅಂಗಡಿಯ ಡಬ್ಬಿಯ ಮೇಲಿನ ಚೀಟಿಯನ್ನಾದರೂ ಕಿತ್ತು ಕಳಿಸಬಹುದಿತ್ತು. ಹಬ್ಬಕ್ಕೆ ಅವನು ಒಬ್ಬನೇ ಬಂದ. ಹೋಳಿಗೆ ತಟ್ಟೆಯ ಮುಂದೆ ಕೂತು, "ಮನ್ಯಾಗ ಇಬ್ಬರೂ ಬಾಯಿ ಹೊಲಕೊಂಡ್ರ ನಾ ಯಾರ ಕೂಡ ಮಾತಾಡ್ಲಿ?" ಅಂದ. ನಿನ್ನ ಹೆಂಡತಿಯ ಕೂಡ ಮಾತಾಡು, ಅವಳಿಗೆ ಎಲ್ಲ ತಿಳಿದಿದೆ ಎಂದೆ.

ನೀನು ಮೊದಲ ಹಾಳೆಗೇ ನಿಲ್ಲಿಸಿದ್ದನ್ನು ಓದಿ ನಗು ಬಂತು. ನಿನ್ನ ತಾಳ್ಮೆ ಅಷ್ಟೇ ಉದ್ದ ಎಂದು ನನಗೆ ಮೊದಲೇ ಗೊತ್ತು. ನಾನು ಏನು ಹೇಳಬೇಕಿತ್ತೋ ಅದನ್ನು ಅದರಲ್ಲಿ ಬರೆದಾಗಿದೆ. ಓದುವುದು ಬಿಡುವುದು ನಿನ್ನ ಕರ್ಮ. ಎರಡನೇ ಸಲ ಹೇಳುವುದಕ್ಕೆ ನಾನು ನಿನ್ನ ಮನೆಯ ಕೆಲಸದವಳಲ್ಲ.

ಅಂದಹಾಗೆ, ಈಚೆಗೆ ನಿನ್ನ ಆಸ್ಪತ್ರೆಯ ಮಷೀನುಗಳ ದೀಪಗಳು ಬಹಳ ಸಭ್ಯವಾಗಿವೆ. ಮೊದಲು ಎಡೆಬಿಡದೆ ಮಿಣಮಿಣ ಅನ್ನುತ್ತಿದ್ದವು, ಈಗ ಕಣ್ಣು ಪಿಳುಕಿಸುವುದೇ ಅಪರೂಪ. ಚೆನ್ನೈನಲ್ಲಿ ಯಾರಿಗೂ ಕಾಯಿಲೆಯೇ ಬರುತ್ತಿಲ್ಲವೇನೋ. ಒಳಗೆ ಏನಿದೆ ಎಂದು ತೆರೆದು ನೋಡುವ ಅಧಿಕಾರ ನಿಮ್ಮ ಗುತ್ತಿಗೆಯಲ್ಲಿ ನನಗಿಲ್ಲ. ನಾನು ಕರೆಂಟು, ತಂಪು ಗಾಳಿ, ಬೀಗ, ಇಷ್ಟನ್ನು ನೋಡಿಕೊಳ್ಳುವವಳು. ಸ್ಟೆಪ್ನಿಗೆ ರಸ್ತೆಯ ಚಿಂತೆ ಯಾಕೆ?

ಜಗದೇವಿ


ಪೆರುಂಗುಡಿ
3 ನವೆಂಬರ್ 2008

ಜಗದೇವಿ ಅಕ್ಕಾ ಅವರಿಗೆ,

ಶರಣು. ದೀಪ ಎಣಿಸುವ ಕೆಲಸ ನಿಮಗೆ ಚೆನ್ನಾಗಿ ಒಗ್ಗಿದೆ, ಅದನ್ನೇ ಮಾಡಿಕೊಂಡಿರಿ. ಮಷೀನುಗಳನ್ನು ಕಾಯುವ ನನ್ನ ಕಡೆಯ ಬೋರ್ಡಿನಲ್ಲಿ ಒಂದು ತಪ್ಪೂ ಕಾಣುತ್ತಿಲ್ಲ, ಒಂದು ಎಚ್ಚರಿಕೆಯ ಗಂಟೆಯೂ ಬಾರಿಸಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೈಸೂರುಪಾಕನ್ನು ಆಫೀಸಿನಲ್ಲಿ ಹಂಚಿದೆ. ಎಲ್ಲರೂ ಮೆಚ್ಚಿ ತಿಂದರು.

ಸಂಗೀತಾ


ಅಡ್ಯಾರು
28 ನವೆಂಬರ್ 2008, ಬೆಳಿಗ್ಗೆ

ಜಗದೇವಿ ಅಕ್ಕಾ ಅವರಿಗೆ,

ಶರಣು. ಈ ಪತ್ರವನ್ನು ನಿಮ್ಮ ತಮ್ಮ ಸೊಂಟದ ಮಟ್ಟದ ನೀರಿನಲ್ಲಿ ನಡೆದು ತರುತ್ತಿದ್ದಾರೆ. ಆದ್ದರಿಂದ ದಯವಿಟ್ಟು ಅವರಿಗೆ ಒಂದು ಲೋಟ ಬಿಸಿ ಚಹಾ ಕೊಡಿ, ಆಮೇಲೆ ನನ್ನನ್ನು ಬೈಯಿರಿ.

ಪೆರುಂಗುಡಿ ಮುಳುಗಿದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ನೆಲಮಾಳಿಗೆಯ ಜನರೇಟರಿಗೆ ನೀರು ನುಗ್ಗಿತು, ಬ್ಯಾಟರಿಗಳು ಬಿಕ್ಕಳಿಸಿ ಸತ್ತವು, ನಿನ್ನೆ ಸಂಜೆ ಸರ್ವರ್ ಕೋಣೆಯೆಲ್ಲ ಕತ್ತಲಾಯಿತು. ಮುರಳೀಧರ್ ಸಾರ್ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಕೂರಲಿಲ್ಲ. ಅಂಬತ್ತೂರಿನ ನಕಲನ್ನು ಎಬ್ಬಿಸಿ ಎಂದೆ. ನೋಡನೋಡುತ್ತಿದ್ದಂತೆ ಆಸ್ಪತ್ರೆಯ ಮಷೀನುಗಳು ಒಂದೊಂದಾಗಿ ನಿಮ್ಮ ಶೆಡ್ಡಿನಲ್ಲಿ ಎದ್ದವು. ಆಸ್ಪತ್ರೆಯ ದಾಖಲೆ ವಿಭಾಗದ ವಿಷ್ಣುತೀರ್ಥರು ಅಲ್ಲಿಂದಲೇ ಒಬ್ಬ ರೋಗಿಯ ಹೆಸರು ಹಾಕಿ ನೋಡಿದರು. ಹತ್ತು ವರ್ಷದ ಚರಿತ್ರೆ ಪರದೆಯ ಮೇಲೆ ಬಂತು. ಫೋನಿನಲ್ಲಿ ಚಪ್ಪಾಳೆ ಕೇಳಿಸಿತು. ಒಂದಿಬ್ಬರು ಗುಮಾಸ್ತರು ಇತ್ತೀಚಿನ ಹೆಸರುಗಳು ಕಾಣುತ್ತಿಲ್ಲ ಅಂದರಂತೆ, ಮಳೆಗೆ ಲೈನು ನಿಧಾನವಾಗಿದೆ, ಸ್ವಲ್ಪ ಕಾಯಿರಿ ಎಂದೆ.

ಈ ಊರಿನಲ್ಲಿ ದೊಡ್ಡ ದೊಡ್ಡ ಕಂಪನಿಗಳು ಬಿದ್ದು ಒದ್ದಾಡುತ್ತಿರುವಾಗ ನಮ್ಮ ಒಂದು ಆಸ್ಪತ್ರೆ ಎದ್ದು ನಿಂತಿದೆ. ಈ ಯೋಜನೆ ಯಾರದ್ದು? ಶೆಡ್ಡಿನವರದ್ದಲ್ಲ. ನಿಮ್ಮ ಕೆಲಸ ಇಷ್ಟೇ, ಕರೆಂಟು ಹೋಗದಂತೆ ನೋಡಿಕೊಳ್ಳಿ. ಡೀಸೆಲ್ ಸಾಕಷ್ಟಿರಲಿ. ನಿನ್ನೆಯಿಂದ ನಿಮ್ಮ ನಂಬರಿನಿಂದ ನನ್ನ ಮೊಬೈಲಿಗೆ ಕರೆ ಬರುತ್ತಿದೆ. ಅಭಿನಂದನೆ ಹೇಳಲು ಎಂದು ನಾನು ನಂಬುವುದಿಲ್ಲ. ಮಾತು ಬಿಟ್ಟವರು ನೀವು. ಬೇಕಾದಾಗ ಬಿಟ್ಟು ಬೇಕಾದಾಗ ಹಿಡಿಯಲು ಮಾತೇನು ಬಸ್ಸಿನ ಕಂಬಿಯೇ? ಎತ್ತುವುದಿಲ್ಲ.

ಸಂಗೀತಾ


ಅಂಬತ್ತೂರು
28 ನವೆಂಬರ್ 2008, ಸಂಜೆ

ಸಂಗೀತಾ,

ಈ ಕಾಗದವನ್ನು ಕೊನೆಯವರೆಗೆ ಓದು. ನಿನ್ನ ಕಾಲಿಗೆ ಬೀಳುತ್ತಿದ್ದೇನೆ ಎಂದು ಬೇಕಾದರೂ ತಿಳಿದುಕೋ.

ಇಲ್ಲಿ ಎದ್ದಿರುವ ನಕಲು ಹಳೆಯದು. ಆಯುಧಪೂಜೆಯ ಸಂಜೆಯದು. ನಿನ್ನೆ ಮಷೀನುಗಳು ಎದ್ದಾಗ ಪರದೆಯ ಮೂಲೆಯಲ್ಲಿ ಕೊನೆಯ ದಾಖಲೆಯ ತಾರೀಕು ಕಂಡಿತು, ಅಕ್ಟೋಬರ್ ಎಂಟು. ಕಣ್ಣು ಮಂಜಾಗಿದೆಯೇನೋ ಎಂದು ಒರೆಸಿಕೊಂಡು ನೋಡಿದೆ. ಎಲ್ಲ ಮಷೀನಿನಲ್ಲೂ ಅದೇ. ಪೂಜೆಗೆ ನಿಲ್ಲಿಸಿದ ನಕಲನ್ನು ನೀನು ಮತ್ತೆ ಶುರು ಮಾಡಿಯೇ ಇಲ್ಲ. ನಾವೇ ಕೈಯಾರೆ ನಿಲ್ಲಿಸಿದ ನಕಲಿಗೆ ಬೋರ್ಡು ಗಂಟೆ ಬಾರಿಸುವುದಿಲ್ಲ, ಅದು ನಿನಗೂ ಗೊತ್ತು. ಅದಕ್ಕೇ ನಿನ್ನ ಕಡೆ ತಪ್ಪು ಕಾಣಲಿಲ್ಲ, ನನ್ನ ಕಡೆ ದೀಪ ಮಿನುಗಲಿಲ್ಲ.

ಗುಮಾಸ್ತರು ಹೇಳಿದ್ದು ಲೈನಿನ ತೊಂದರೆಯಲ್ಲ. ಆ ಏಳು ವಾರದಲ್ಲಿ ಬಂದ ಹೊಸ ರೋಗಿಗಳು ಇದರಲ್ಲಿ ಇಲ್ಲವೇ ಇಲ್ಲ. ಅದಕ್ಕಿಂತ ಅಪಾಯ ಹಳೆಯ ರೋಗಿಗಳದ್ದು. ಅವರ ಹೆಸರು ಇದೆ, ಚರಿತ್ರೆ ಇದೆ, ನೋಡಿದವರಿಗೆ ಎಲ್ಲ ಸರಿ ಅನ್ನಿಸುತ್ತದೆ, ಆದರೆ ಈಚೆಗೆ ಬರೆದದ್ದು ಒಂದಕ್ಷರವೂ ಇಲ್ಲ. ಈ ಮಳೆಯಲ್ಲಿ ಅವರೆಲ್ಲ ಜ್ವರ ಕೆಮ್ಮು ಎಂದು ಆಸ್ಪತ್ರೆಗೆ ಬರುತ್ತಿರುತ್ತಾರೆ, ವೈದ್ಯರು ಇದನ್ನೇ ನಂಬಿ ಔಷಧಿ ಬರೆಯುತ್ತಿರುತ್ತಾರೆ. ಆಸ್ಪತ್ರೆಗೆ ತಕ್ಷಣ ಹೇಳು. ಕಂಪ್ಯೂಟರು ನೋಡಬೇಡಿ ಎಂದು ಹೇಳು.

ನಿನ್ನೆಯಿಂದ ಕರೆ ಮಾಡುತ್ತಲೇ ಇದ್ದೇನೆ. ಹೌದು, ಮಾತು ಬಿಟ್ಟವಳೇ ಮಾಡಿದೆ. ನೀನು ಪ್ರತಿ ಸಲವೂ ಕತ್ತರಿಸಿದೆ. ನಿನ್ನ ಆಫೀಸಿನ ಫೋನು ನೀರಿನಲ್ಲಿ ಸತ್ತಿದೆ. ಶಿವರಂಜನನ ಮೊಬೈಲಿಗೆ ಮಾಡಿದರೆ ಅದು ನೆನೆದು ಹಾಳಾಗಿದೆ. ಈಗ ಅವನೇ ಬಂದು ನಿನ್ನ ಗೆಲುವಿನ ಪತ್ರ ಕೊಟ್ಟ. ಚಹಾ ಕೊಡಲಿಲ್ಲ. ನಿಂತ ಕಾಲಲ್ಲೇ ವಾಪಸು ಕಳಿಸುತ್ತಿದ್ದೇನೆ.

ತಪ್ಪು ಯಾರದ್ದೆಂದು ಆಮೇಲೆ ನೋಡೋಣ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ, ಈಗಲೇ ಹೇಳುತ್ತೇನೆ. ವಿಜಯದಶಮಿಯ ನನ್ನ ಪತ್ರದ ಕೊನೆಯ ಹಾಳೆಯನ್ನು ಸೀರೆಯ ಕೆಳಗಿನಿಂದ ತೆಗೆದು ನೋಡು. ಅಲ್ಲಿ ಬರೆದಿದೆ. ಆದರೆ ಅದನ್ನು ನೋಡುವ ಮೊದಲು ಆಸ್ಪತ್ರೆಗೆ ಫೋನ್ ಮಾಡು.

ಜಗದೇವಿ


ಅಡ್ಯಾರು
1 ಡಿಸೆಂಬರ್ 2008

ಜಗದೇವಿ ಅಕ್ಕಾ ಅವರಿಗೆ,

ನಿಮ್ಮ ಪತ್ರ ಇಪ್ಪತ್ತೊಂಬತ್ತರ ಸಂಜೆ ಕೈಸೇರಿತು. ರಾತ್ರಿಯೆಲ್ಲ ನಿಮ್ಮ ತಮ್ಮ ಕೋಯಂಬೇಡಿನ ಹತ್ತಿರ ಬಸ್ಸಿನ ಟಾಪಿನ ಮೇಲೆ ಕೂತಿದ್ದರಂತೆ. ಈಗ ಜ್ವರ ಬಂದು ಮಲಗಿದ್ದಾರೆ. ಓದಿದ ತಕ್ಷಣ ವಿಷ್ಣುತೀರ್ಥರಿಗೆ ಫೋನ್ ಮಾಡಿದೆ. ಅವರು ಎಲ್ಲ ವಾರ್ಡುಗಳಿಗೂ ಹೇಳಿದರು.

ಅಷ್ಟರಲ್ಲಿ ಒಂದು ಅನಾಹುತ ಆಗಿಹೋಗಿತ್ತು. ಸೀತಾರಾಮ ಎಂಬವರು, ಮಣಲಿಯವರು, ಅಲ್ಲಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆಯವರಾಗಿದ್ದು ನಿವೃತ್ತರಾದವರು. ಅಕ್ಟೋಬರ್ ಕೊನೆಯಲ್ಲಿ ಇದೇ ಆಸ್ಪತ್ರೆಯಲ್ಲಿ ಅವರಿಗೆ ಪೆನ್ಸಿಲಿನ್ ಕೊಟ್ಟು, ಉಸಿರು ಕಟ್ಟಿ, ಕಷ್ಟಪಟ್ಟು ಉಳಿಸಿದ್ದರು. ಇವರಿಗೆ ಈ ಔಷಧಿ ಕೊಡಲೇಬಾರದು ಎಂದು ಕಂಪ್ಯೂಟರಿನಲ್ಲಿ ಕೆಂಪು ಅಕ್ಷರದಲ್ಲಿ ಹಾಕಿದ್ದರು. ಆ ಕೆಂಪು ಅಕ್ಷರ ಪೆರುಂಗುಡಿಯಲ್ಲಿ ನೀರಿನ ಕೆಳಗಿತ್ತು. ಇಪ್ಪತ್ತೊಂಬತ್ತರ ಬೆಳಿಗ್ಗೆ ಎದೆಯ ಸೋಂಕೆಂದು ಬಂದರು. ಕಂಪ್ಯೂಟರು ನೋಡಿ ಮತ್ತೆ ಅದನ್ನೇ ಕೊಟ್ಟರು. ಈಗ ಯಂತ್ರದ ಮೇಲೆ ಉಸಿರಾಡುತ್ತಿದ್ದಾರೆ.

ನಿಮ್ಮ ಕೊನೆಯ ಹಾಳೆ ತೆಗೆದು ನೋಡಿದೆ. ಬರೆದಿದೆ. ನನ್ನ ಅಡುಗೆ, ನನ್ನ ತವರು, ಮಲ್ಲಿಗೆ ಹೂವು, ಇದೆಲ್ಲ ಮುಗಿದ ಮೇಲೆ, ಅಡಿಯಲ್ಲಿ, ತಿಪ್ಪೆಯ ಕೆಳಗೆ ಹೂತಿಟ್ಟಂತೆ ಬರೆದಿದ್ದೀರಿ. ಇದನ್ನು ಮೊದಲ ಸಾಲಿನಲ್ಲಿ ಬರೆಯಲು ನಿಮ್ಮ ಕೈಗೆ ಏನಾಗಿತ್ತು? ಓದದೆ ಬಿಟ್ಟೆನಲ್ಲ ಎಂದು ಆ ಹಾಳೆಯನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದೇನೆ. ಆದರೆ ಅದು ನನ್ನ ಸಂಕಟ, ಅದನ್ನು ನಿಮ್ಮ ಮುಂದೆ ಹರಡುವುದಿಲ್ಲ.

ನಾನು ಕೇಳುವುದು ಬೇರೆ. ಇಪ್ಪತ್ತೇಳರ ರಾತ್ರಿಯೇ ನಿಮಗೆ ತಿಳಿದಿತ್ತು. ನಾನು ಫೋನ್ ಎತ್ತಲಿಲ್ಲ, ಒಪ್ಪಿದೆ. ವಿಷ್ಣುತೀರ್ಥರ ನಂಬರು ನಿಮ್ಮ ಶೆಡ್ಡಿನ ಗೋಡೆಯ ಮೇಲೆ, ಲೇತಿನ ಪಕ್ಕದಲ್ಲಿ, ನಾನೇ ಅಂಟಿಸಿದ ಹಾಳೆಯಲ್ಲಿದೆ. ನೀವೇ ಅವರಿಗೆ ಒಂದು ಕರೆ ಮಾಡಬಹುದಿತ್ತು. ಗಿರಾಕಿಯ ಜೊತೆ ನೇರವಾಗಿ ಮಾತಾಡಬಾರದು ಎಂದು ಗುತ್ತಿಗೆಯಲ್ಲಿದೆ ಅನ್ನಬಹುದು ನೀವು. ಗುತ್ತಿಗೆಯನ್ನು ಯಾವಾಗಿನಿಂದ ಅಷ್ಟು ಭಕ್ತಿಯಿಂದ ಓದುತ್ತೀರಿ? ನೀವು ಮಾಡಲಿಲ್ಲ, ಯಾಕೆಂದರೆ ನಾನೇ ಅವರ ಮುಂದೆ ತಲೆ ತಗ್ಗಿಸಿ ಹೇಳಬೇಕೆಂದು ನಿಮಗೆ ಬೇಕಿತ್ತು. ಅಕ್ಟೋಬರಿನಲ್ಲಿ ದೀಪ ಮಿನುಗುತ್ತಿಲ್ಲ ಎಂದು ಕಂಡಾಗಲೂ ಕೇಳಲಿಲ್ಲ. ನನ್ನನ್ನು ಗೇಲಿ ಮಾಡಿದಿರಿ.

ಸಂಗೀತಾ


ಅಂಬತ್ತೂರು
16 ಡಿಸೆಂಬರ್ 2008

ಸಂಗೀತಾಳಿಗೆ,

ಸೀತಾರಾಮ ಅವರು ಆರನೇ ತಾರೀಕು ತೀರಿಕೊಂಡದ್ದು ನಿನಗೆ ತಿಳಿದೇ ಇರುತ್ತದೆ. ನಿನ್ನ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಹೌದು, ನಂಬರು ಗೋಡೆಯ ಮೇಲಿತ್ತು. ಹೌದು, ನೀನೇ ಹೇಳಬೇಕೆಂದು ನನಗೆ ಇತ್ತು. ದೀಪ ಮಿನುಗದಿದ್ದಾಗ ಕೇಳಬೇಕಾದರೆ ನಿನ್ನನ್ನು ಕೇಳಬೇಕಿತ್ತು, ನಿನ್ನನ್ನು ಕೇಳುವುದಕ್ಕಿಂತ ಕತ್ತಲಲ್ಲಿ ಕೂರುವುದು ವಾಸಿ ಅನ್ನಿಸಿತ್ತು. ಇದನ್ನು ಕಣ್ಣೀರು ಹಾಕಿ ಹೇಳುತ್ತಿದ್ದೇನೆಂದು ತಿಳಿಯಬೇಡ. ನೀನು ಒಂದು ಹಾಳೆ ತಿರುಗಿಸಿದ್ದರೆ ಇದ್ಯಾವುದೂ ಬೇಕಿರಲಿಲ್ಲ.

ನಿನ್ನ ಕಂಪನಿ ಆಸ್ಪತ್ರೆಯವರನ್ನು ಕೂರಿಸಿಕೊಂಡು ನಡೆಸಿದ ವಿಚಾರಣೆಯ ದಿನ ನೀನು ಮಾಡಿದ್ದನ್ನು ಮಾತ್ರ ಸಾಯುವ ತನಕ ಮರೆಯುವುದಿಲ್ಲ. ನಕಲು ಶುರು ಮಾಡು ಎಂದು ನಾನು ತಿಳಿಸಿಯೇ ಇಲ್ಲ ಎಂದು ನೀನು ವಾದಿಸಬಹುದಿತ್ತು, ನಾನು ತಿಳಿಸಿದ್ದೇನೆ ಎಂದು ವಾದಿಸುತ್ತಿದ್ದೆ, ಇಬ್ಬರೂ ಮರ್ಯಾದೆಯಿಂದ ಕಿತ್ತಾಡಿ ಮನೆಗೆ ಹೋಗುತ್ತಿದ್ದೆವು. ನೀನು ಬ್ಯಾಗಿನಿಂದ ನನ್ನ ಪತ್ರವನ್ನೇ ತೆಗೆದು ಮೇಜಿನ ಮೇಲಿಟ್ಟೆ. "ಈ ಥರ ಲೆಟರಿನಲ್ಲಿ ಕೆಲಸದ ಮಾತು ಇರುತ್ತೆ ಅಂತ ಯಾರು ಸಾರ್ ಎದುರುನೋಡ್ತಾರೆ?" ಎಂದೆ. ಮುರಳೀಧರನಿಗೆ ಕನ್ನಡ ಓದಲು ಬಾರದು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ತಮ್ಮನನ್ನು ಒಳಗೆ ಕರೆಸಿದರು.

ಅವನು ನಿಂತುಕೊಂಡು ಓದಿದ. ಕನ್ನಡದಲ್ಲಿ ಒಂದು ಸಾಲು, ತಮಿಳಿನಲ್ಲಿ ಒಂದು ಸಾಲು. ಅಪ್ಪನ ಟ್ರಂಕು, ಸೋದರತ್ತೆಯ ಕಥೆ, ನಿನ್ನ ಅಡುಗೆ, ತನ್ನನ್ನೇ ಪಾಪದ ಪ್ರಾಣಿ ಎಂದು ಬರೆದದ್ದು, ಎಲ್ಲವನ್ನೂ ಓದಿದ. ಆಸ್ಪತ್ರೆಯವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮಲ್ಲಿಗೆ ಹೂವಿನ ಗಾದೆಗೆ ತಮಿಳು ಸಿಗದೆ ತಡವರಿಸಿದ. ಕಡೆಯ ಸಾಲುಗಳನ್ನು ಎರಡು ಸಲ ಓದಿದ. ಕಾಗದ ಮೇಜಿನ ಮೇಲಿಟ್ಟು ನನಗೂ ನಿನಗೂ ಕೇಳುವಂತೆ, "ಇಷ್ಟ ದಿನಾ ನಾ ಒಯ್ದದ್ದು ಇದನ್ನೇನು?" ಅಂದ. ಮತ್ತೆ ನಮ್ಮಿಬ್ಬರ ಕಡೆಗೂ ನೋಡಲಿಲ್ಲ. ಇನ್ನು ಮೇಲೆ ಚೀಟಿಯನ್ನೂ ಒಯ್ಯುವುದಿಲ್ಲವಂತೆ. ಅದಕ್ಕೇ ಇದು ಅಂಚೆಯಲ್ಲಿ ಬರುತ್ತಿದೆ.

ವರದಿಯ ಪ್ರತಿ ಬಂದಿದೆ. ಅತಿವೃಷ್ಟಿಯಿಂದ ಉಂಟಾದ ಅನಿರೀಕ್ಷಿತ ತೊಂದರೆ ಎಂದು ಬರೆದಿದ್ದಾರೆ. ನಿನ್ನ ಕೆಲಸ ಉಳಿಯಿತು, ನನ್ನ ಗುತ್ತಿಗೆಯೂ ಉಳಿಯಿತು, ಆಸ್ಪತ್ರೆಯ ಹೆಸರೂ ಉಳಿಯಿತು. ಎಲ್ಲವನ್ನೂ ಮಳೆಯ ತಲೆಗೆ ಕಟ್ಟಿದರು. ಮಳೆ ಬಂದು ಇಲ್ಲ ಅನ್ನುತ್ತದೆಯೇ? ಸೀತಾರಾಮ ಅವರ ಹೆಂಡತಿಗೂ ಈ ವರದಿಯನ್ನೇ ಕಳಿಸುತ್ತಾರಂತೆ. ನನಗೆ ಅದು ಸರಿ ಕಾಣುವುದಿಲ್ಲ.

ಮುಂದಿನ ವರ್ಷದ ಆಯುಧಪೂಜೆಗೆ ಮಷೀನು ನಿಲ್ಲಿಸುವುದಿಲ್ಲ. ನೀನು ಹೇಳಿದ್ದಕ್ಕಲ್ಲ. ಲೇತಿನ ಮುಂದೆ ನಿಲ್ಲಲು ನನಗೇ ಆಗುತ್ತಿಲ್ಲ.

ಜಗದೇವಿ


ಅಡ್ಯಾರು
5 ಜನವರಿ 2009

ಜಗದೇವಿ ಅಕ್ಕಾ ಅವರಿಗೆ,

ಈ ಸಲ ಶರಣು ಬರೆಯಲು ನನಗೂ ಕೈ ಬರಲಿಲ್ಲ.

ನಿನ್ನೆ ಮಣಲಿಗೆ ಹೋಗಿದ್ದೆ, ಸೀತಾರಾಮ ಅವರ ಮನೆಗೆ. ಯಾಕೆ ಹೋದೆ ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ವರದಿ ಮಳೆಯ ಹೆಸರು ಹೇಳಿತು. ಆ ಹೆಂಗಸಿಗಾದರೂ ನಿಜವಾದ ಹೆಸರು ಗೊತ್ತಿರಲಿ, ಅದು ನಿಮ್ಮದು ಎಂದು ಹೇಳಬೇಕೆಂದು ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ನಂಬರು ಗೋಡೆಯ ಮೇಲಿತ್ತು ಎಂಬಲ್ಲಿಂದ ಶುರು ಮಾಡುವುದು ಎಂದು ತೀರ್ಮಾನಿಸಿದ್ದೆ.

ಎರಡು ಕೋಣೆಯ ಮನೆ. ಗೋಡೆಯ ಮೇಲೆ ನೀರು ನಿಂತ ಗುರುತು ಇನ್ನೂ ಹೋಗಿಲ್ಲ. ಅವರ ಹೆಂಡತಿಯ ಹೆಸರು ಅಕ್ಕು. ಬೆಳ್ತಂಗಡಿ ಕಡೆಯವರು, ಮೂವತ್ತು ವರ್ಷ ಈ ಊರಿನಲ್ಲಿದ್ದರೂ ಮಾತು ಆ ಕಡೆಯದ್ದೇ. ಬಾಗಿಲಲ್ಲಿ ನೆನೆದ ಹಾಸಿಗೆಯ ಹತ್ತಿ ಹರಡಿ ಒಣಗಿಸುತ್ತಿದ್ದರು. ಕಂಪ್ಯೂಟರು ಆಫೀಸಿನಿಂದ ಬಂದೆ ಎಂದೆ. ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ನಾನು ಕೇಳದೆಯೇ ಆ ಬೆಳಗಿನ ಸುದ್ದಿ ಹೇಳಿದರು.

"ನಾನು ನರ್ಸಿನ ಹತ್ರ ಹೇಳಿದ್ದೆ. ಹೋದ ಸಲ ಎಂತದೋ ಒಂದು ಸೂಜಿ ಚುಚ್ಚಿ ಇವರ ಮೈಯೆಲ್ಲ ಬೀಗಿ ಉಸಿರು ಕಟ್ಟಿತ್ತು ಅಂತ. ಯಾವ ಸೂಜಿ ಅಂತ ಕೇಳಿದ್ರು. ನಂಗೆ ಅದ್ರ ಹೆಸರೆಲ್ಲ ಎಲ್ಲಿ ಗೊತ್ತುಂಟು? ಕಂಪ್ಯೂಟರ್ ನೋಡಿದ್ರು. ಇದ್ರಲ್ಲಿ ಹಾಗೆಂತದೂ ಇಲ್ಲಮ್ಮ, ನಿಮ್ಗೆ ಗಾಬರಿಯಲ್ಲಿ ಹಾಗೆ ಅನ್ನಿಸುದು ಅಂದ್ರು. ಅವ್ರು ಓದಿದವ್ರು. ಅಷ್ಟು ದೊಡ್ಡ ಕಂಪ್ಯೂಟರಿಗಿಂತ ನಂಗೆ ಜಾಸ್ತಿ ಗೊತ್ತುಂಟಾ ಅಂತ ನಾನೂ ಸುಮ್ಮನಾದೆ. ಇವ್ರ ಕೈ ಹಿಡ್ಕೊಂಡು, ಎಂತ ಆಗುದಿಲ್ಲ, ಹಾಕಿಸ್ಕೊಳ್ಳಿ ಅಂತ ನಾನೇ ಹೇಳಿದ್ದು."

ಇಷ್ಟು ಕೇಳಿದೆ. ಆದರೂ ನನ್ನ ಕೆಟ್ಟ ನಾಲಿಗೆ ಸುಮ್ಮನಿರಲಿಲ್ಲ. ಅಮ್ಮಾ, ಇದು ಹೇಗಾಯಿತು ಅಂದರೆ, ಎಂದು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು.

"ಮೊನ್ನೆಯೂ ಒಬ್ರು ಹೆಂಗ್ಸು ಬಂದಿದ್ರು. ಎತ್ತರದವ್ರು, ಹಣೆಯಲ್ಲಿ ವಿಭೂತಿ. ನೀವು ಕೂತ ಚಾಪೆಯಲ್ಲೇ ಕೂತು, ಎಲ್ಲ ಸಂಗೀತಾ ಅಂತ ಒಬ್ಳಿಂದ ಆದದ್ದು ಅಂದ್ರು. ನೀವು ಯಾರ ಹೆಸರು ಹೇಳ್ಲಿಕ್ಕೆ ಬಂದದ್ದು?"

ನಾನೇ ಸಂಗೀತಾ ಎಂದೆ.

ಅವರು ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. "ಅವ್ರು ನಿಮ್ಗೆ ಎಂತ ಆಗ್ಬೇಕು?" ಎಂದು ಕೇಳಿದರು. ಗಂಡನ ಅಕ್ಕ ಎಂದೆ. ಒಂದೇ ಮನೆಯವರಾ ಎಂದು ಕೇಳಿದರು. ಹೌದು ಎಂದೆ. ಹಾಗೆ ಹೇಳುವಾಗ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನೀವು ಎದುರಿಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ನನ್ನ ಮೇಲೂ ಅಷ್ಟೇ ಬಂತು.

ಲೋಟ ಕೆಳಗಿಟ್ಟು ಎದ್ದೆ. ಅಕ್ಕು ಬಾಗಿಲವರೆಗೆ ಬಂದರು. ಒಣಗಲು ಹಾಕಿದ್ದ ಹತ್ತಿಯನ್ನು ನಾನು ತುಳಿಯದಂತೆ ಕಾಲಿನಿಂದ ಬದಿಗೆ ಸರಿಸಿ ದಾರಿ ಮಾಡಿಕೊಟ್ಟರು. ಆಮೇಲೆ ಹೇಳಿದರು.

"ಇನ್ನು ಯಾರಾದ್ರೂ ಬರ್ಲಿಕ್ಕುಂಟಾ ನಿಮ್ಮ ಮನೆಯಿಂದ? ಇದ್ರೆ ಈಗ್ಲೇ ಹೇಳಿ. ನಂಗೆ ಮತ್ತೆ ಮತ್ತೆ ಬಾಗಿಲು ತೆಗೀಲಿಕ್ಕೆ ಆಗುದಿಲ್ಲ."

ಸಂಗೀತಾ